ಬಾಂಡ್ಲಿಯಿಂದ ಕರಣೆಗೆ

ಸುಗ್ಗಿ ಮುಗಿಯಿತು. ಹೊಲದಲ್ಲಿ ಕೆಲಸ ಇಲ್ಲ. ಮಳೆ ಕೈಕೊಟ್ಟ ವರ್ಷ ಸುಗ್ಗಿಯೂ ಇಲ್ಲ. ಆಗ ನಾವು ಏನು ಮಾಡುತ್ತೇವೆ?

ಗಂಟು ಕಟ್ಟುತ್ತೇವೆ. ರೊಟ್ಟಿ ಬುತ್ತಿ ಕಟ್ಟುತ್ತೇವೆ. ವಯಸ್ಸಾದವರನ್ನು ಊರಲ್ಲಿ ಬಿಡುತ್ತೇವೆ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸು ಹತ್ತುತ್ತೇವೆ. ಇದಕ್ಕೆ ಗುಳೆ ಹೋಗುವುದು ಎನ್ನುತ್ತೇವೆ.

ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ, ವಿಜಯಪುರ ಕಡೆಯಿಂದ ಬಹಳ ಜನ ಬೆಂಗಳೂರಿಗೆ ಬರುತ್ತೇವೆ. ಕೆಲವರು ಗೋವಾ, ಮುಂಬೈ, ಪುಣೆ, ಹೈದರಾಬಾದಿಗೆ ಹೋಗುತ್ತೇವೆ. ಅಲ್ಲಿ ಮಾತು ಬೇರೆ. ಬೇರೆ ರಾಜ್ಯದ ಅಕ್ಕತಂಗಿಯರು ನಮ್ಮ ಬೆಂಗಳೂರಿಗೂ ಬರುತ್ತಾರೆ. ಅವರಿಗೆ ನಮ್ಮ ಮಾತು ಬೇರೆ.

ಎಲ್ಲಿ ಹೋದರೂ ನಮ್ಮ ತಲೆಯ ಮೇಲೆ ಒಂದೇ ವಸ್ತು. ಸಿಂಬಿ, ಅದರ ಮೇಲೆ ಬಾಂಡ್ಲಿ.

ಬಾಂಡ್ಲಿ ಹೊರುವ ಕೈಗೆ ಕರಣೆ ಹಿಡಿಯಲು ಬರುವುದಿಲ್ಲವೇ? ಇವತ್ತಿನ ಪಾಠದಲ್ಲಿ ಇದನ್ನೇ ನೋಡೋಣ.

ಅಕ್ಕನ ಕಥೆ

ಊರ ಅಂಚಿನಲ್ಲಿ ಒಂದು ದೊಡ್ಡ ಕಟ್ಟಡ ಏಳುತ್ತಿದೆ. ಪಕ್ಕದಲ್ಲಿ ತಗಡಿನ ಶೆಡ್ಡುಗಳು. ಅಲ್ಲಿ ಒಬ್ಬ ಅಕ್ಕ ಇದ್ದಾಳೆ. ಇಂಥ ಅಕ್ಕ ಒಂದೊಂದು ಶೆಡ್ಡಿನಲ್ಲೂ ಇದ್ದಾಳೆ. ಅದಕ್ಕೇ ನಾವು ಅವಳಿಗೆ ಹೆಸರು ಇಡುವುದಿಲ್ಲ. ಅಕ್ಕ ಎಂದೇ ಕರೆಯೋಣ.

ಅಕ್ಕ ಒಂಬತ್ತು ವರ್ಷದಿಂದ ಗಾರೆ ಹೊರುತ್ತಾಳೆ. ಬಂದ ಹೊಸದರಲ್ಲಿ ಅವಳ ಜೊತೆ ಒಬ್ಬ ಹುಡುಗನೂ ಗಾರೆ ಹೊರುತ್ತಿದ್ದ. ಎರಡು ವರ್ಷದಲ್ಲಿ ಆ ಹುಡುಗ ಮೇಸ್ತ್ರಿಯ ಕೈ ಕೆಳಗೆ ಕರಣೆ ಹಿಡಿದ. ಈಗ ಅವನೇ ಮೇಸ್ತ್ರಿ. ಅಕ್ಕ ಇನ್ನೂ ಬಾಂಡ್ಲಿಯಲ್ಲೇ ಇದ್ದಾಳೆ.

ಅಕ್ಕನಿಗೆ ಕೆಲಸ ಗೊತ್ತಿಲ್ಲ ಎಂದಲ್ಲ. ಒಂದು ಬಾಂಡ್ಲಿ ಸಿಮೆಂಟಿಗೆ ಆರು ಬಾಂಡ್ಲಿ ಮರಳು ಹಾಕಿ ಕಲಸಿದರೆ ಇಟ್ಟಿಗೆ ಕಟ್ಟುವ ಗಾರೆ. ಇದು ಅವಳಿಗೆ ಬಣ್ಣ ನೋಡಿದರೇ ಗೊತ್ತು. ಇಟ್ಟಿಗೆ ನೆನೆಸದೆ ಕಟ್ಟಿದರೆ ಗಾರೆಯ ನೀರನ್ನು ಇಟ್ಟಿಗೆ ಕುಡಿದುಬಿಡುತ್ತದೆ, ಗೋಡೆಗೆ ಹಿಡಿತ ಬರುವುದಿಲ್ಲ. ಇದೂ ಗೊತ್ತು. ಗೋಡೆ ಸೊಟ್ಟ ಆದರೆ ಕೆಳಗೆ ನಿಂತೇ ಹೇಳುತ್ತಾಳೆ.

ಒಂದು ದಿನ ಅಕ್ಕ ಕೇಳಿದಳು:

“ಮೇಸ್ತ್ರಿ ಅಣ್ಣಾ, ಒಂದ್ ಸಾಲು ನಾನು ಕಟ್ಟಿ ನೋಡ್ಲಾ?”

ಮೇಸ್ತ್ರಿ ನಕ್ಕ.

“ನೀ ಕಟ್ಟಕ ಹತ್ತಿದ್ರ ಗಾರೆ ಯಾರು ಹೊರಬೇಕವ್ವಾ?”

ಸುತ್ತ ಇದ್ದವರೂ ನಕ್ಕರು. ಅಕ್ಕ ನಗಲಿಲ್ಲ. ಬಾಂಡ್ಲಿ ಎತ್ತಿಕೊಂಡಳು.

ಆ ವರ್ಷ ಅಕ್ಕನ ಗಂಡ ಸಾರವೆಯಿಂದ ಬಿದ್ದ. ಸೊಂಟಕ್ಕೆ ಪೆಟ್ಟಾಯಿತು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದರು. ಈಗ ಮನೆಗೆಲ್ಲ ಅಕ್ಕನ ಕೂಲಿ ಒಂದೇ. ಹನ್ನೆರಡು ವರ್ಷದ ಮಗಳು ಆರನೇ ತರಗತಿ. ಸಣ್ಣದು ಇನ್ನೂ ಎರಡು ವರ್ಷದ ಕೂಸು. ಕೂಸನ್ನು ನೋಡಲು ಮಗಳು ವಾರಕ್ಕೆ ಎರಡು ದಿನ ಶಾಲೆ ಬಿಡತೊಡಗಿದಳು. ಆಮೇಲೆ ಮೂರು ದಿನ. ಹೀಗೇ ಆದರೆ ಮಗಳ ಕೈಗೂ ಬಾಂಡ್ಲಿಯೇ ಬರುತ್ತದೆ. ಅಕ್ಕನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಅದೇ ಹೊತ್ತಿಗೆ ಶೆಡ್ಡಿನ ಹತ್ತಿರ ಒಂದು ಚೀಟಿ ಅಂಟಿಸಿದರು. ಅಕ್ಕ ರಾತ್ರಿ ಕಲಿಕೆಗೆ ಹೋಗಿ ಅಕ್ಷರ ಕಲಿತಿದ್ದಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಮ-ಹಿ-ಳೆ-ಯ-ರಿ-ಗೆ ಗಾ-ರೆ ಕೆ-ಲ-ಸ-ದ ತ-ರ-ಬೇ-ತಿ. 30 ದಿನ. ಉಚಿತ.”

ಮತ್ತೆ ಓದಿದಳು. ಓದಿದ್ದು ಸರಿ ಇತ್ತು.

ಸಂಘದಲ್ಲಿ ಮಾತು

ಆ ರಾತ್ರಿ ಸಂಘದಲ್ಲಿ ಇದೇ ಮಾತು. ಹತ್ತು ಜನ ಕೂತಿದ್ದರು. ಹತ್ತು ಜನರೂ ಮೊದಲು ಹೇಳಿದ್ದು “ಆಗಲ್ಲ” ಎಂದೇ. ಯಾಕೆ ಆಗಲ್ಲ? ಒಬ್ಬೊಬ್ಬರು ಒಂದೊಂದು ಹೇಳಿದರು.

“ಮೂವತ್ತು ದಿನ ಕೂಲಿ ಇಲ್ಲ ಅಂದ್ರ ಒಲಿ ಹೆಂಗ ಉರಿಬೇಕು?”

“ಕೂಸಿಗೆ ಯಾರು ನೋಡ್ತಾರ?”

“ಆಧಾರದಾಗ ಊರಿನ ವಿಳಾಸ ಅದ. ಇಲ್ಲಿ ಕೇಳಿದ್ರ ಏನು ತೋರಿಸೋದು?”

ಬೇರೆ ರಾಜ್ಯದಿಂದ ಬಂದ ಒಬ್ಬ ತಂಗಿ ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದಳು: “ಟೀಚರ್ ಕನ್ನಡ ಹೇಳ್ತಾರೆ. ನಂಗೆ ಗೊತ್ತಾಗಲ್ಲ.”

ಮೂಲೆಯಲ್ಲಿ ಕೂತಿದ್ದವಳು ಮೆಲ್ಲಗೆ ಹೇಳಿದಳು: “ಮನ್ಯಾಗ ಬಿಡಲ್ಲವ್ವ. ಗಂಡಸರ ಕೆಲಸ ಕಲೀತಿಯೇನು ಅಂತಾರ.”

ನೋಡಿ, ತರಬೇತಿ ಉಚಿತ. ಆದರೂ ನಮಗೆ ಅದು ಉಚಿತ ಅಲ್ಲ. ಕೂಲಿ ಹೋಗುತ್ತದೆ. ಕೂಸು ಅಳುತ್ತದೆ. ಕಾಗದ ಸಿಗುವುದಿಲ್ಲ. ಮಾತು ತಿಳಿಯುವುದಿಲ್ಲ. ಜನ ಆಡಿಕೊಳ್ಳುತ್ತಾರೆ. ತರಬೇತಿಯ ಬಾಗಿಲು ತೆರೆದಿದೆ ಎಂದರೆ ಸಾಲದು. ಬಾಗಿಲಿನವರೆಗೆ ದಾರಿಯೂ ಬೇಕು.

ಸಂಘದ ದೊಡ್ಡವ್ವ ಎಲ್ಲ ಕೇಳಿದಳು. ಆಮೇಲೆ ಅಂದಳು:

“ಎಲ್ಲಾ ಒಮ್ಮೆಲೇ ಹೇಳಿದ್ರ ಗುಡ್ಡ ಆಗ್ತದ. ಒಂದೊಂದೇ ಕಲ್ಲು ತೆಗೀರಿ. ಮೊದಲ ಲೆಕ್ಕ ಮಾಡ್ರಿ.”

ಲೆಕ್ಕ ಮಾಡೋಣ

ಕೂಲಿ ಊರಿಂದ ಊರಿಗೆ ಬೇರೆ. ನಾವು ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ:

ಗಾರೆ ಹೊರುವ ಹೆಣ್ಣಾಳಿಗೆ ದಿನಕ್ಕೆ 500 ರೂಪಾಯಿ.
ಗಾರೆ ಕೆಲಸ ಹೊಸದಾಗಿ ಕಲಿತವರಿಗೆ ದಿನಕ್ಕೆ 700 ರೂಪಾಯಿ.
ಕೈ ಪಳಗಿದ ಮೇಲೆ ದಿನಕ್ಕೆ 900 ರೂಪಾಯಿ.

30 ದಿನದ ತರಬೇತಿಯಲ್ಲಿ 25 ದಿನದ ಕೂಲಿ ಹೋಗುತ್ತದೆ ಎನ್ನೋಣ.
500 × 25 = 12,500 ರೂಪಾಯಿ. ಇದು ನಷ್ಟ.

ಕಲಿತ ಮೇಲೆ ದಿನಕ್ಕೆ 200 ರೂಪಾಯಿ ಹೆಚ್ಚು ಬರುತ್ತದೆ.
200 × 63 = 12,600 ರೂಪಾಯಿ.

ಅಂದರೆ 63 ದಿನ ಕೆಲಸ ಸಿಕ್ಕರೆ ಹೋದ ಕೂಲಿ ಮರಳಿ ಬರುತ್ತದೆ. ಆಮೇಲೆ ಬರುವುದೆಲ್ಲ ಲಾಭ. ಕೈ ಪಳಗಿದ ಮೇಲೆ ದಿನಕ್ಕೆ 400 ರೂಪಾಯಿ ಹೆಚ್ಚು. ತಿಂಗಳಿಗೆ 25 ದಿನ ಕೆಲಸ ಸಿಕ್ಕರೆ 10,000 ರೂಪಾಯಿ ಹೆಚ್ಚು.

ನಿಮ್ಮ ಊರಿನ ಕೂಲಿ ಹಾಕಿ ನೀವೂ ಈ ಲೆಕ್ಕ ಮಾಡಿ ನೋಡಿ. ಬಾಯಲ್ಲಿ ಹೇಳಿದರೆ ಮನೆಯವರು ಕೇಳುವುದಿಲ್ಲ. ಬರೆದು ತೋರಿಸಿದರೆ ಕೇಳುತ್ತಾರೆ.

ಬೇರೆ ಕಡೆ ಅಕ್ಕಂದಿರು ಏನು ಮಾಡಿದರು?

ಗುಜರಾತಿನ ಅಹಮದಾಬಾದಿನಲ್ಲಿ ತಲೆಹೊರೆ ಹೊರುವವರು, ತರಕಾರಿ ಮಾರುವವರು, ಚಿಂದಿ ಆಯುವವರು ಒಟ್ಟಾದರು. 1972ರಲ್ಲಿ ‘ಸೇವಾ’ ಎಂಬ ಸಂಘ ಕಟ್ಟಿದರು. ಇಳಾ ಭಟ್ ಎಂಬವರು ಅದನ್ನು ಮುಂದೆ ನಿಂತು ಕಟ್ಟಿದರು. ಬಡ ಹೆಂಗಸರಿಗೆ ಬ್ಯಾಂಕು ಸಾಲ ಕೊಡಲಿಲ್ಲ. ಹಾಗಾದರೆ ನಮ್ಮದೇ ಬ್ಯಾಂಕು ಮಾಡೋಣ ಎಂದರು. 4,000 ಹೆಂಗಸರು ಒಬ್ಬೊಬ್ಬರು 10 ರೂಪಾಯಿ ಹಾಕಿದರು. 1974ರಲ್ಲಿ ಸೇವಾ ಬ್ಯಾಂಕು ಶುರುವಾಯಿತು. ಮುಂದೆ ಇದೇ ಸಂಘದವರು ಕಟ್ಟಡದ ಹೆಂಗಸರಿಗೆ ಗಾರೆ ಕೆಲಸವನ್ನೂ ಕಲಿಸಿದರು.

ಉತ್ತರ ಪ್ರದೇಶದಲ್ಲಿ ಬಾಂದಾ ಎಂಬ ಜಿಲ್ಲೆ ಇದೆ. ಒಣ ನಾಡು. ನೀರು ತರುವವರು ಹೆಂಗಸರು. ಬೋರಿನ ಕೈಪಂಪು ಕೆಟ್ಟರೆ ರಿಪೇರಿಗೆ ಗಂಡಸರು ಪೇಟೆಯಿಂದ ಬರಬೇಕು. 1990ರ ದಶಕದಲ್ಲಿ ‘ಮಹಿಳಾ ಸಮಾಖ್ಯಾ’ ಕಾರ್ಯಕ್ರಮದವರು ಅಲ್ಲಿನ ದಲಿತ, ಆದಿವಾಸಿ ಹೆಂಗಸರಿಗೆ ಪಂಪು ರಿಪೇರಿ ಕಲಿಸಿದರು. ಆ ಹೆಂಗಸರು ಸ್ಪ್ಯಾನರು ಹಿಡಿದರು. ಪಂಪು ಬಿಚ್ಚಿ ಜೋಡಿಸಿದರು. ಕೆಲಸ ಕೈಗೆ ಬಂದ ಮೇಲೆ ಅವರಿಗೆ ಓದು ಬರಹ ಬೇಕು ಅನ್ನಿಸಿತು. ಓದು ಕಲಿತರು. ಆಮೇಲೆ ತಮ್ಮದೇ ಸುದ್ದಿ ಹಾಳೆ ಬರೆದರು. ಅದೇ ಸೀಮೆಯ ಚಿತ್ರಕೂಟದಲ್ಲಿ 2002ರಲ್ಲಿ ‘ಖಬರ್ ಲಹರಿಯಾ’ ಎಂಬ ಪತ್ರಿಕೆ ಹುಟ್ಟಿತು. ಅದನ್ನು ಹಳ್ಳಿಯ ಹೆಂಗಸರೇ ನಡೆಸಿದರು.

ಕರ್ನಾಟಕದಲ್ಲೂ ಮಹಿಳಾ ಸಮಾಖ್ಯಾ 1989ರ ಹೊತ್ತಿಗೆ ಶುರುವಾಯಿತು. ಬೀದರ್, ವಿಜಯಪುರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಸಂಘಗಳು ಆದವು.

ಜಾರ್ಖಂಡ್ ರಾಜ್ಯದ ಮಾತು ಕೇಳಿ. ಅಲ್ಲಿ ಗಾರೆ ಕೆಲಸದವರಿಗೆ ‘ರಾಜ ಮಿಸ್ತ್ರಿ’ ಎನ್ನುತ್ತಾರೆ. 2018ರ ಹೊತ್ತಿಗೆ ಹಳ್ಳಿ ಹಳ್ಳಿಯಲ್ಲಿ ಶೌಚಾಲಯ ಕಟ್ಟಬೇಕಿತ್ತು. ಕಟ್ಟುವವರು ಸಾಲಲಿಲ್ಲ. ಸಂಘದ ಹೆಂಗಸರು ತರಬೇತಿ ಪಡೆದು ತಾವೇ ಕಟ್ಟಿದರು. ಅಂಥ ಹೆಂಗಸರು ಸಾವಿರಾರು ಜನ. ಅವರಿಗೆ ಬಂದ ಹೆಸರು ‘ರಾಣಿ ಮಿಸ್ತ್ರಿ’.

ಹೆಂಗಸರು ಕಟ್ಟಿದ ಗೋಡೆ ನಿಲ್ಲುತ್ತದೆ.

ಅಕ್ಕ ಹೊರಟಳು

ಸಂಘದವರು ಒಂದೊಂದೇ ಕಲ್ಲು ತೆಗೆದರು.

ಕೂಲಿ ಹೋಗುತ್ತದಲ್ಲ? ಸಂಘದ ಉಳಿತಾಯದಿಂದ ಅಕ್ಕನಿಗೆ ಸಾಲ ಕೊಟ್ಟರು. ಕೆಲಸ ಸಿಕ್ಕ ಮೇಲೆ ವಾರ ವಾರ ತೀರಿಸಬೇಕು ಎಂದು ಬರೆದುಕೊಂಡರು. ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ. ಸಹಿ ಹಾಕಿದಳು.

ಕೂಸು? ದೊಡ್ಡವ್ವನ ಹತ್ತಿರ ಬಿಟ್ಟಳು. ಮಗಳು ದಿನವೂ ಶಾಲೆಗೆ ಹೋಗಬೇಕು. ಇದು ಸಂಘದ ಷರತ್ತು.

ಮನೆಯವನು? ಮೊದಲು ಸಿಟ್ಟಾದ. ಅಕ್ಕ ಲೆಕ್ಕದ ಹಾಳೆ ಮುಂದಿಟ್ಟಳು. ಅವನು ಬಹಳ ಹೊತ್ತು ನೋಡಿದ. “ನಂಗ ಸೊಂಟ ಹೋಗ್ಯದ. ಕಣ್ಣು ಹೋಗಿಲ್ಲ. ಅನ್ನ ನಾ ಮಾಡ್ತೀನಿ, ನೀ ಹೋಗು” ಎಂದ.

ಬೇರೆ ರಾಜ್ಯದ ತಂಗಿಯೂ ಹೊರಟಳು. ಅವಳಿಗೆ ಅಕ್ಕ ಜೊತೆಯಲ್ಲೇ ಕೂತು ಮಾತು ತಿಳಿಸುವುದು ಎಂದಾಯಿತು. ಇಟ್ಟಿಗೆ, ಗಾರೆ, ತೂಗುಗುಂಡು, ರಸಮಟ್ಟ. ತಂಗಿ ದಿನಕ್ಕೆ ಐದು ಮಾತು ಕಲಿತಳು.

ತರಬೇತಿಯಲ್ಲಿ ಅಕ್ಕ ಹೊಸದು ಕಲಿತಳು. ಕೆಳಗಿನ ಸಾಲಿನ ಸಂದಿನ ಮೇಲೆಯೇ ಮೇಲಿನ ಸಾಲಿನ ಸಂದು ಬರಬಾರದು. ಬಂದರೆ ಗೋಡೆ ಸೀಳುತ್ತದೆ. ಮೂಲೆ ಮೊದಲು ಕಟ್ಟಬೇಕು. ಆಮೇಲೆ ದಾರ ಹಿಡಿದು ನಡುವೆ ಕಟ್ಟಬೇಕು. ತೂಗುಗುಂಡು ಬಿಟ್ಟರೆ ಗೋಡೆ ನೆಟ್ಟಗಿದೆಯೋ ಇಲ್ಲವೋ ತಿಳಿಯುತ್ತದೆ. ಅಳತೆ ಟೇಪಿನ ಮೇಲಿನ ಅಂಕಿ ಓದುವುದೂ ಕಲಿತಳು. ಅಕ್ಷರ ಬಂದಿದ್ದರಿಂದ ಅಂಕಿ ಬೇಗ ಬಂತು.

30 ದಿನ ಮುಗಿಯಿತು. ಕೈಗೆ ಪ್ರಮಾಣಪತ್ರ ಬಂತು. ಕೆಲಸ ಬಂತೇ?

ಇಲ್ಲ. ಮೂರು ವಾರ ಯಾರೂ ಕರಣೆ ಕೊಡಲಿಲ್ಲ. “ಗಾರೆ ಹೊರೋದಿದ್ರ ಬಾ” ಎಂದರು. ಸಾಲ ತೀರಿಸಬೇಕು. ಅಕ್ಕ ಮತ್ತೆ ಬಾಂಡ್ಲಿ ಹೊತ್ತಳು. ಆದರೆ ಸುಮ್ಮನೆ ಕೂರಲಿಲ್ಲ. ತರಬೇತಿ ಪಡೆದ ನಾಲ್ಕು ಹೆಂಗಸರು ಒಂದು ಗುಂಪಾದರು. ಹತ್ತಿರದ ಬಡಾವಣೆಯಲ್ಲಿ ಒಬ್ಬರ ಮನೆಗೆ ಕಾಂಪೌಂಡ್ ಗೋಡೆ ಕಟ್ಟಬೇಕಿತ್ತು. ಮನೆಯ ಅಮ್ಮನ ಹತ್ತಿರ ಹೋಗಿ ಕೇಳಿದರು. “ಮೊದಲು ಒಂದು ಮೂಲೆ ಕಟ್ತೀವಿ ಅಮ್ಮಾ. ಸರಿ ಇಲ್ಲ ಅಂದ್ರೆ ದುಡ್ಡು ಕೊಡಬೇಡಿ” ಎಂದರು. ಮೂಲೆ ಕಟ್ಟಿದರು. ಅಮ್ಮ ತೂಗುಗುಂಡು ಬಿಡಿಸಿ ನೋಡಿದರು. ಗೋಡೆ ಪೂರ್ತಿ ಅವರಿಗೇ ಸಿಕ್ಕಿತು.

ಆ ಗೋಡೆ ನೋಡಿ ಇನ್ನೊಂದು ಕೆಲಸ ಬಂತು. ಈಗ ದೊಡ್ಡ ಕಟ್ಟಡದ ಮೇಸ್ತ್ರಿಯೂ ಕರೆಯುತ್ತಾನೆ. ಆದರೆ ಗಂಡಸಿಗೆ ಕೊಡುವುದಕ್ಕಿಂತ 100 ರೂಪಾಯಿ ಕಡಿಮೆ ಕೊಡುತ್ತಾನೆ. ಅಕ್ಕ ವಾರ ವಾರ ಕೇಳುತ್ತಾಳೆ: “ಅಣ್ಣಾ, ಗೋಡೆ ಎತ್ತರ ಒಂದೇ ಅದ. ಕೂಲಿ ಯಾಕ ಗಿಡ್ಡ?” ಈ ಜಗಳ ಇನ್ನೂ ಮುಗಿದಿಲ್ಲ.

ಆದರೆ ಮಗಳು ಏಳನೇ ತರಗತಿಗೆ ಹೋದಳು.

ನಾವು ತಿಳಿಯಬೇಕಾದ ಮಾತುಗಳು

*ಸಮಾನ ಕೂಲಿ:* ಒಂದೇ ಕೆಲಸಕ್ಕೆ ಹೆಂಗಸಿಗೂ ಗಂಡಸಿಗೂ ಒಂದೇ ಕೂಲಿ ಕೊಡಬೇಕು. 1976ರಲ್ಲೇ ಇದಕ್ಕೆ ಕಾನೂನು ಬಂತು. ಈಗ ಈ ಮಾತು 2019ರ ವೇತನ ಸಂಹಿತೆಯಲ್ಲಿ ಸೇರಿದೆ. ಕೂಲಿ ದಯೆಯಲ್ಲ, ಹಕ್ಕು.

*ಕಟ್ಟಡ ಕಾರ್ಮಿಕರ ಚೀಟಿ:* ಕಟ್ಟಡ ಕೆಲಸದವರಿಗಾಗಿ 1996ರಲ್ಲಿ ಕಾನೂನು ಬಂತು. ಕರ್ನಾಟಕದಲ್ಲಿ 2007ರಲ್ಲಿ ಕಲ್ಯಾಣ ಮಂಡಳಿ ಆಯಿತು. 18ರಿಂದ 60 ವರ್ಷದ ಒಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ಬರೆಸಬಹುದು. ಗಾರೆ ಹೊರುವವರೂ ಕಟ್ಟಡ ಕಾರ್ಮಿಕರೇ. ಗಂಡನ ಚೀಟಿ ಇದ್ದರೆ ಸಾಕು ಎನ್ನಬೇಡಿ. ನಿಮ್ಮ ಹೆಸರಿನ ಚೀಟಿ ಬೇರೆ ಮಾಡಿಸಿ. ಹೆರಿಗೆ, ಮಕ್ಕಳ ಓದು, ಅಪಘಾತ, ಪಿಂಚಣಿ ಇವುಗಳಿಗೆ ಮಂಡಳಿಯಿಂದ ನೆರವು ಇದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ. ಚೀಟಿಯ ಅವಧಿ ಮುಗಿಯುವ ಮೊದಲು ನವೀಕರಿಸಿ.

*ಇ-ಶ್ರಮ್ ಚೀಟಿ:* ಮನೆಗೆಲಸ, ಬೀದಿ ವ್ಯಾಪಾರ, ಕೂಲಿ ಮಾಡುವವರ ಹೆಸರನ್ನು ಸರಕಾರ ದಾಖಲೆ ಮಾಡುತ್ತದೆ. ಇದು 2021ರಲ್ಲಿ ಶುರುವಾಯಿತು. ಆಧಾರ್ ಬೇಕು. ಬೇರೆ ರಾಜ್ಯದವರೂ ತಾವು ಇರುವಲ್ಲೇ ಮಾಡಿಸಬಹುದು.

*ರೇಷನ್:* ಗುಳೆ ಹೋದಲ್ಲೂ ರೇಷನ್ ಪಡೆಯಲು ‘ಒಂದು ದೇಶ ಒಂದು ರೇಷನ್ ಕಾರ್ಡ್’ ಎಂಬ ವ್ಯವಸ್ಥೆ ಇದೆ. ಹತ್ತಿರದ ನ್ಯಾಯಬೆಲೆ ಅಂಗಡಿಯಲ್ಲಿ ವಿಚಾರಿಸಿ.

*ತರಬೇತಿ:* ದಕ್ಷಿಣ ಕನ್ನಡದ ಉಜಿರೆಯಲ್ಲಿ 1982ರಲ್ಲಿ ‘ರುಡ್‌ಸೆಟ್’ ಎಂಬ ಸ್ವ ಉದ್ಯೋಗ ತರಬೇತಿ ಸಂಸ್ಥೆ ಶುರುವಾಯಿತು. ಅದೇ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಬ್ಯಾಂಕುಗಳು ‘ಆರ್‌ಸೆಟಿ’ ಕೇಂದ್ರ ನಡೆಸುತ್ತವೆ. ಹೊಲಿಗೆ, ಹೈನುಗಾರಿಕೆ, ಆಡು ಸಾಕಣೆ, ಮೊಬೈಲ್ ರಿಪೇರಿ ಹೀಗೆ ಹಲವು ಕೆಲಸ ಕಲಿಸುತ್ತಾರೆ. ಕಲಿಕೆ, ಊಟ, ವಸತಿ ಉಚಿತ. ಗುಳೆ ಹೋಗದೆ ಊರಲ್ಲೇ ಉಳಿಯಬೇಕು ಎನ್ನುವವರಿಗೆ ಇದು ಒಂದು ದಾರಿ. ಬ್ಯಾಂಕಿನಲ್ಲಿ, ಪಂಚಾಯಿತಿಯಲ್ಲಿ, ಸಂಜೀವಿನಿ ಸಂಘದಲ್ಲಿ ಕೇಳಿ.

*ಬಸ್ಸು:* 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂತು. ಕರ್ನಾಟಕದ ಹೆಂಗಸರಿಗೆ ರಾಜ್ಯದ ಒಳಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಈ ಬಸ್ಸಿನಲ್ಲಿ ತರಬೇತಿಗೂ ಹೋಗಬಹುದು.

*ಕೂಲಿ ಕೊಡದಿದ್ದರೆ:* ಹೆಂಗಸರಿಗೆ ಕಾನೂನು ನೆರವು ಉಚಿತ. ಆದಾಯ ಎಷ್ಟಿದ್ದರೂ ಉಚಿತ. ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಫೋನು 15100. ಕೆಲಸ ಮಾಡಿದ ದಿನ, ಬಂದ ಕೂಲಿ, ಬಾಕಿ ಕೂಲಿ ಇವನ್ನು ಒಂದು ಪುಸ್ತಕದಲ್ಲಿ ದಿನವೂ ಬರೆದಿಡಿ. ಆ ಪುಸ್ತಕವೇ ನಿಮ್ಮ ಸಾಕ್ಷಿ.

ಸೇರುವ ಮೊದಲು ಕೇಳಿ

ಉಚಿತ ಎಂದು ಹೇಳಿ ಆಮೇಲೆ ದುಡ್ಡು ಕೇಳುವವರೂ ಇದ್ದಾರೆ. ಕೆಲಸ ಕೊಡಿಸುತ್ತೇನೆ ಎಂದು ದೂರದ ಊರಿಗೆ ಕರೆದೊಯ್ದು ಕೈಬಿಡುವವರೂ ಇದ್ದಾರೆ. ಅದಕ್ಕೆ ಮೊದಲೇ ಈ ಮಾತು ಕೇಳಿ:

1. ಎಷ್ಟು ದಿನ? ದಿನಕ್ಕೆ ಎಷ್ಟು ಹೊತ್ತು?
2. ದುಡ್ಡು ಕೊಡಬೇಕೇ? ಕೊಟ್ಟರೆ ರಸೀದಿ ಕೊಡುತ್ತೀರಾ?
3. ಊಟ, ವಸತಿ ಇದೆಯೇ? ಹೆಂಗಸರಿಗೆ ಬೇರೆ ಕೋಣೆ, ಶೌಚಾಲಯ ಇದೆಯೇ?
4. ಕೂಸನ್ನು ಕರೆತರಬಹುದೇ?
5. ಪ್ರಮಾಣಪತ್ರ ಯಾರು ಕೊಡುತ್ತಾರೆ?
6. ಕಳೆದ ಸಲ ಕಲಿತವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಅವರ ಹತ್ತಿರ ನಾವು ಮಾತಾಡಬಹುದೇ?

ಆರನೆಯ ಪ್ರಶ್ನೆ ಮರೆಯಬೇಡಿ. ಉತ್ತರ ಸರಿಯಾಗಿ ಬರದಿದ್ದರೆ ಯೋಚಿಸಿ. ಆಧಾರ್, ಬ್ಯಾಂಕ್ ಪುಸ್ತಕ ಇವುಗಳ ನಕಲು ಕೊಡಿ. ಮೂಲ ಕಾಗದ ಯಾರ ಕೈಗೂ ಕೊಟ್ಟು ಬರಬೇಡಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ.

ಅಕ್ಕತಂಗಿಯರೇ, ಒಬ್ಬಳೇ ಎತ್ತಿದರೆ ಬಾಂಡ್ಲಿ ಭಾರ. ಇನ್ನೊಬ್ಬಳು ಕೈ ಕೊಟ್ಟರೆ ಹಗುರ. ಇದು ನಮಗೆ ಗೊತ್ತಿರುವ ಮಾತೇ. ಕಲಿಯುವುದಕ್ಕೂ ಹಾಗೇ ಕೈ ಕೊಡೋಣ.

ಮಾತಾಡೋಣ

1. ನಿಮ್ಮ ಕೆಲಸದಲ್ಲಿ ಗಂಡಸರು ಮಾತ್ರ ಮಾಡುವ ಕೆಲಸ ಯಾವುದು? ಯಾಕೆ?
2. ಅಕ್ಕನಿಗೆ ಅಡ್ಡ ಬಂದ ಕಲ್ಲುಗಳು ಯಾವುವು? ನಿಮಗೆ ಅಡ್ಡ ಬಂದದ್ದು ಯಾವುದು?
3. ಅಕ್ಕನಿಗೆ 100 ರೂಪಾಯಿ ಕಡಿಮೆ ಕೊಡುತ್ತಾರೆ. ನೀವಾದರೆ ಏನು ಮಾಡುತ್ತೀರಿ?
4. ನಿಮ್ಮ ಸಂಘದಿಂದ ಒಬ್ಬರನ್ನು ತರಬೇತಿಗೆ ಕಳಿಸುವುದಾದರೆ ಅವರ ಕೂಸನ್ನು ಯಾರು ನೋಡುತ್ತೀರಿ?

ಬರೆಯೋಣ

1. ನಿಮ್ಮ ಹೆಸರು, ಊರು, ಈಗ ಇರುವ ವಿಳಾಸ ಬರೆಯಿರಿ.
2. ಈ ವಾರ ಕೆಲಸ ಮಾಡಿದ ದಿನಗಳನ್ನೂ ಬಂದ ಕೂಲಿಯನ್ನೂ ಬರೆದು ಕೂಡಿಸಿರಿ.
3. “ನನಗೆ ಈ ಕೆಲಸ ಕಲಿಯಬೇಕು” ಎಂದು ಬರೆದು, ಯಾವ ಕೆಲಸ, ಯಾಕೆ ಎಂದು ಎರಡು ಸಾಲು ಬರೆಯಿರಿ.

ಪದಗಳ ಅರ್ಥ

ಕರಣೆ – ಗಾರೆ ಹಚ್ಚುವ ಉಪಕರಣ. ಕೆಲವರು ತಾಪಿ ಎನ್ನುತ್ತಾರೆ.
ತೂಗುಗುಂಡು – ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ಗುಂಡು.
ರಸಮಟ್ಟ – ಸಮತಟ್ಟು ನೋಡುವ ಸಾಧನ.
ಸಾರವೆ – ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಟ್ಟುವ ಅಟ್ಟಣೆ.
ಪ್ರಮಾಣಪತ್ರ – ಕಲಿತಿದ್ದಾರೆ ಎಂದು ಬರೆದುಕೊಡುವ ಪತ್ರ.
ನವೀಕರಿಸು – ಅವಧಿ ಮುಗಿಯುವ ಮೊದಲು ಹೊಸದು ಮಾಡಿಸು.